ಶಾಕುಂತಲದ ಆ ಸಾಲುಗಳನ್ನ ಇಟ್ಟುಕೊಳ್ಳಬೇಕಾ, ತೆಗೆದುಬಿಡಬೇಕಾ?

ಹೊಂಗಲ ಟೀಚರ್, ಬೈಲಹೊಂಗಲ

ನಾಟಕ ಆಡಿದವರು, ಆಡಿಸಿದವರು, ಪೇಟಿ (ಹಾರ್ಮೋನಿಯಂ) ನುಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ನಮ್ಮ ತಾಲೀಮು ಒಂದು ಕಡೆ ಬಂದು ನಿಂತುಬಿಟ್ಟಿದೆ.

ಊರಿನ ಹೆಣ್ಣುಮಕ್ಕಳೇ ಸೇರಿ ಕಾಳಿದಾಸನ ಶಾಕುಂತಲ ಆಡುತ್ತಿದ್ದೇವೆ. ದುಷ್ಯಂತನಿಂದ ಹಿಡಿದು ಉಂಗುರ ಸಿಕ್ಕ ಮೀನುಗಾರನವರೆಗೆ ಎಲ್ಲ ಪಾತ್ರವೂ ಹೆಂಗಸರದ್ದೇ. ಅಂಗನವಾಡಿ ಶಿಕ್ಷಕಿಯೊಬ್ಬರು ದುಷ್ಯಂತ ಆಗಿದ್ದಾರೆ. ಶಕುಂತಲೆಯನ್ನ ಸಾಕಿದ ಋಷಿ ಕಣ್ವನ ಪಾತ್ರ ನನ್ನದು. ಶಕುಂತಲೆ ನರ್ಸಿಂಗ್ ಓದುವ ಹುಡುಗಿ. ಆಶ್ರಮದ ಹಿರಿಯಳು ಗೌತಮಿಯ ಪಾತ್ರ ಮಾಡುವವರು ಅರವತ್ತು ದಾಟಿದ ಅಜ್ಜಿ, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿ ಕಳಿಸಿದವರು. ಸಂಸ್ಕೃತ ಬಲ್ಲವರೊಬ್ಬರ ಪಕ್ಕ ಕೂತು, ಸಾಲು ಸಾಲು ಅರ್ಥ ಕೇಳಿ, ಕನ್ನಡ ನಾವೇ ಮಾಡಿಕೊಂಡಿದ್ದೇವೆ.

ಜಗಳ ಶುರುವಾಗಿದ್ದು ನಾಲ್ಕನೇ ಅಂಕದಲ್ಲಿ. ಮಗಳನ್ನ ಕಳಿಸುವಾಗ ಕಣ್ವ ಬುದ್ಧಿ ಹೇಳುತ್ತಾನೆ. ಹಿರಿಯರ ಸೇವೆ ಮಾಡು, ಸವತಿಯರ ಜೊತೆ ಗೆಳತಿ ಹಾಗೆ ಇರು, ಗಂಡ ನೋಯಿಸಿದರೂ ಸಿಟ್ಟಿನಿಂದ ತಿರುಗಿ ಬೀಳಬೇಡ. ಅವಳು ಹೋದ ಮೇಲೆ, ಮಗಳು ಅಂದರೆ ಪರರ ಸೊತ್ತು, ಇಟ್ಟುಕೊಂಡ ಠೇವಣಿ ವಾಪಸ್ ಕೊಟ್ಟ ಹಾಗೆ ಮನಸ್ಸು ಹಗುರಾಯಿತು ಅನ್ನುತ್ತಾನೆ. ಈ ಮಾತು ನನ್ನ ಬಾಯಿಂದಲೇ ಬರಬೇಕು.

ಐದನೇ ಅಂಕ ಇನ್ನೂ ಕಷ್ಟ. ದೂರ್ವಾಸರ ಶಾಪದಿಂದ ಎಲ್ಲ ಮರೆತ ದುಷ್ಯಂತ ಇವಳು ಯಾರೋ ಗೊತ್ತಿಲ್ಲ ಅಂದ ಮೇಲೆ ಆಶ್ರಮದವರು ಅವಳನ್ನ ಅಲ್ಲೇ ಬಿಟ್ಟು ಹೊರಡುತ್ತಾರೆ. ಅವಳು ಅಳುತ್ತಾ ಹಿಂದೆ ಬರುತ್ತಾಳೆ. ಕಣ್ವನ ಶಿಷ್ಯ ಶಾರ್ಙ್ಗರವ ತಿರುಗಿ ನಿಂತು, "ಏನೇ, ಸ್ವತಂತ್ರಳಾಗಿಬಿಟ್ಟೆಯಾ?" ಅಂತ ಗದರುತ್ತಾನೆ. ರಾಜ ಹೇಳಿದ್ದು ನಿಜವಾದರೆ ನಿನ್ನಿಂದ ಅಪ್ಪನಿಗೇನಾಗಬೇಕು? ನೀನು ಶುದ್ಧಳು ಅಂತ ನಿನಗೆ ಗೊತ್ತಿದ್ದರೆ ಗಂಡನ ಮನೆಯಲ್ಲಿ ದಾಸಿಯಾಗಿ ಇರೋದೂ ಸರಿಯೇ. ಹೀಗೆ ಹೇಳಿಸಿಕೊಳ್ಳುವವಳು ಬಸುರಿ.

ಶಕುಂತಲೆ ಮಾಡುವ ಹುಡುಗಿ ಅಲ್ಲೇ ನಿಲ್ಲಿಸಿಬಿಟ್ಟಳು. "ಟೀಚರ್, ಇಷ್ಟ ಕೇಳಿ ನಾ ಸುಮ್ನ ಹೆಂಗ ನಿಂದರ್ಲಿ?" ಅಂದಳು. ಅರ್ಧ ಜನ ಸಾಲು ತೆಗೆಯೋಣ ಅಂದರು. ಗೌತಮಿ ಅಜ್ಜಿ ಮಾತ್ರ, "ತಗೀಬ್ಯಾಡ್ರಿ. ನಮಗ ಇದನ್ನ ಹೇಳೇ ಕಳಿಸ್ಯಾರ. ತಗದ್ರ ನಾವು ಕೇಳಿದ್ದs ಸುಳ್ಳು ಅಂದಂಗಾಗ್ತದ" ಅಂತ ಪಟ್ಟು ಹಿಡಿದರು.

ಹಿಂದಿನವರು ಈ ಜಾಗವನ್ನ ಹೇಗೆ ದಾಟಿದರು? ಏನು ಬಿಟ್ಟರು, ಏನು ಉಳಿಸಿಕೊಂಡರು? ಕೊನೆಗೆ ಏಳನೇ ಅಂಕದಲ್ಲಿ ಇಬ್ಬರೂ ಒಂದಾಗುತ್ತಾರಲ್ಲ, ಅದನ್ನ ಇವತ್ತು ಹೇಗೆ ತೋರಿಸೋದು?

ಕಾಲುಪೇಟಿ, ಸವದತ್ತಿ ಕಡೆ

ಟೀಚರ್, ನಮಸ್ಕಾರ. ನಮ್ಮ ಅಪ್ಪನವರೂ ಪೇಟಿ ಮಾಸ್ತರರೇ. ನಾನು ಕಂಡಿದ್ದು, ಅವರಿಂದ ಕೇಳಿದ್ದು ಎರಡನ್ನೂ ಹೇಳುತ್ತೇನೆ.

ನೀವು ಆಡುತ್ತಿರುವ ನಾಟಕಕ್ಕೂ ನಮ್ಮ ತಾಲ್ಲೂಕಿಗೂ ಹಳೇ ನಂಟಿದೆ. ಮರಾಠಿಯಲ್ಲಿ ಸಂಗೀತ ಶಾಕುಂತಲ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಗುರ್ಲಹೊಸೂರಿನಲ್ಲಿ, 1843ರಲ್ಲಿ. ಆ ನಾಟಕ ಮೊದಲು ಪುಣೆಯಲ್ಲಿ ರಂಗಕ್ಕೆ ಬಂದಿದ್ದು 1880ರ ಅಕ್ಟೋಬರ್ 31ಕ್ಕೆ. ಅವತ್ತು ಆಡಿದ್ದು ನಾಲ್ಕೇ ಅಂಕ! ಬೇಟೆ, ಪ್ರೀತಿ, ಶಾಪ, ಮಗಳನ್ನ ಕಳಿಸೋದು. ಅಲ್ಲಿಗೆ ಪರದೆ. ದರ್ಬಾರಿನ ಅಂಕ ಅವತ್ತು ಇರಲಿಲ್ಲ. ಮುಂದೆ ಏಳೂ ಅಂಕ ಆಡಿದರು, ಆ ಮಾತು ಬೇರೆ.

ಆ ನಾಲ್ಕನೇ ಅಂಕದ ಗುಂಗು ನಮ್ಮ ಕಡೆಯಿಂದ ಹೋಗಲೇ ಇಲ್ಲ. ನಾನು ಪೇಟಿ ನುಡಿಸಿದ ಕಡೆಯೆಲ್ಲ ಶಾಕುಂತಲ ಅಂದರೆ ಮಗಳನ್ನ ಗಂಡನ ಮನೆಗೆ ಕಳಿಸುವ ನಾಟಕ. ಕಣ್ವನ ಬುದ್ಧಿಮಾತನ್ನ ಯಾರೂ ಮಾತಿನಲ್ಲಿ ಹೇಳುತ್ತಿರಲಿಲ್ಲ, ಪದ ಮಾಡಿ ಹಾಡುತ್ತಿದ್ದರು. ವನ್ಸ್ ಮೋರ್ ಬಿದ್ದೇ ಬೀಳುತ್ತಿತ್ತು. ಮುಂದೆ ಚಾಪೆ ಹಾಸಿಕೊಂಡು ಕೂತ ತಾಯಂದಿರು ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದರು. ಅವರಲ್ಲಿ ಯಾರೂ "ಸವತಿಯರ ಜೊತೆ ಹೊಂದಿಕೊ" ಅನ್ನೋ ಮಾತಿಗೆ ಅತ್ತವರಲ್ಲ, ತಮ್ಮ ಮಗಳ ನೆನಪಿಗೆ ಅತ್ತವರು. ಸ್ವರ ಮೈತುಂಬಾ ಹತ್ತಿದಾಗ ಮಾತು ಕಿವಿಗೆ ಬೀಳೋದೇ ಇಲ್ಲ, ಟೀಚರ್. ಅದಕ್ಕೇ ಆ ಸಾಲು ಅಷ್ಟು ವರ್ಷ ಯಾರಿಗೂ ಚುಚ್ಚಲಿಲ್ಲ.

ಇನ್ನೊಂದು ವಿಷಯ. ಆಗ ಶಕುಂತಲೆ ಆಗುತ್ತಿದ್ದವರು ಗಂಡಸರು. ಮರಾಠಿ ರಂಗದ ಹೆಸರಾಂತ ನಟ ಬಾಲಗಂಧರ್ವರು ಕಿರ್ಲೋಸ್ಕರ್ ನಾಟಕ ಮಂಡಳಿ ಸೇರಿದ ಹೊಸತರಲ್ಲಿ, 1905ರಲ್ಲಿ, ಮಿರಜದಲ್ಲಿ ಶಕುಂತಲೆ ಮಾಡಿದರು. ಮುಂದೆ ಅವರು ಸೀರೆ ಉಟ್ಟ ಹಾಗೆ, ಹೂವು ಮುಡಿದ ಹಾಗೆ ದೊಡ್ಡ ಮನೆಯ ಹೆಣ್ಣುಮಕ್ಕಳೂ ಉಡತೊಡಗಿದರು. ನಮ್ಮ ಏಣಗಿ ಬಾಳಪ್ಪನವರೂ ಚಿಕ್ಕಂದಿನಲ್ಲಿ ಹೆಣ್ಣು ಪಾತ್ರ ಮಾಡಿಯೇ ಹೆಸರಾದವರು. ಆ ಕಲೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಗಂಡಸು ಕಟ್ಟಿಕೊಟ್ಟ ಶಕುಂತಲೆಗೆ ನಾಚಿಕೆ ಜಾಸ್ತಿ, ಸಿಟ್ಟು ಕಡಿಮೆ. ಹೆಣ್ಣು ಹೇಗಿದ್ದರೆ ಚೆಂದ ಅಂತ ಜನ ಅಂದುಕೊಂಡಿದ್ದರೋ ಹಾಗೇ ಅವಳು ನಡೆಯುತ್ತಿದ್ದಳು. ಆಮೇಲೆ ಬೀಳಗಿಯ ಗೋಹರ್‌ಬಾಯಿ ಅಂಥವರು ಬಂದರು, ಬಾಲಗಂಧರ್ವರ ಕಂಪನಿಯಲ್ಲೇ ಹೆಣ್ಣು ಪಾತ್ರ ಹಿಡಿದರು. ರಂಗದ ಮೇಲೆ ಹೆಣ್ಣು ಕಾಲಿಟ್ಟ ಕಾಲಕ್ಕೆ ಊರಿನವರು ಅವರಿಗೆ ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ.

ಜಾತ್ರೆ ನಾಟಕದಲ್ಲಿ ಊರ ಹುಡುಗರು ಗಂಡು ಪಾತ್ರ, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನ ಕರೆಸೋದು, ಇದು ನಿಮಗೂ ಗೊತ್ತು. ಹಾಗೆ ಗದಗಿನ ಕಡೆಯಿಂದ ಬಂದ ಒಬ್ಬಾಕೆ ದರ್ಬಾರಿನಲ್ಲಿ ದುಷ್ಯಂತನಿಗೆ "ಹುಲ್ಲು ಮುಚ್ಚಿದ ಬಾವಿ ನೀನು" ಅಂದಿದ್ದನ್ನ ನಾನು ಪೇಟಿ ಮುಂದೆ ಕೂತು ನೋಡಿದ್ದೇನೆ. ಅಲ್ಲಿ ನಾನು ಅಳುವ ಸ್ವರ ಕೊಡಬೇಕಿತ್ತು. ಆಕೆ ಕೈ ಮಾಡಿ ಪೇಟಿ ನಿಲ್ಲಿಸಿದರು. ಬರೇ ಮಾತು. ದುಷ್ಯಂತ ಆಗಿದ್ದ ನಮ್ಮೂರ ಗೌಡರ ಮಗ ನಿಜವಾಗಿ ಒಂದು ಹೆಜ್ಜೆ ಹಿಂದೆ ಸರಿದ.

ಏಳನೇ ಅಂಕದಲ್ಲಿ ನಾನು ಕಂಡ ಕಡೆಯೆಲ್ಲ ಶಕುಂತಲೆ ಓಡಿಬಂದು ದುಷ್ಯಂತನ ಕಾಲಿಗೆ ಬೀಳುತ್ತಿದ್ದಳು. ಆಮೇಲೆ ಮಂಗಳಪದ.

ಸಂಸ್ಕೃತ ಮಾಸ್ತರ, ಅಥಣಿ

ಇಲ್ಲೇ ತಡೆಯಬೇಕು. ಕಾಲಿಗೆ ಬೀಳೋಳು ಶಕುಂತಲೆ ಅಲ್ಲ!

ಮೊದಲೇ ಹೇಳಿಬಿಡುತ್ತೇನೆ, ಕವಿ ಬರೆದಿದ್ದನ್ನ ಕತ್ತರಿಸುವುದು ನನಗೆ ಸೇರುವುದಿಲ್ಲ. ಕಣ್ವನ ಮಾತೂ ಇರಬೇಕು, ಶಾರ್ಙ್ಗರವನ ಮಾತೂ ಇರಬೇಕು. ಆದರೆ ಇರುವುದು ಅಂದರೆ ಎಲ್ಲವೂ ಇರಬೇಕು. ಕತ್ತರಿ ಆಡಿಸಿದವರು ಒಂದೇ ಕಡೆ ಆಡಿಸಿಕೊಂಡು ಬಂದಿದ್ದಾರೆ.

ಏಳನೇ ಅಂಕದ ಮೂಲದಲ್ಲಿ ದುಷ್ಯಂತನೇ ಅವಳ ಕಾಲಿಗೆ ಬೀಳುತ್ತಾನೆ. ನಿನ್ನನ್ನ ತಳ್ಳಿದ ನೋವು ನಿನ್ನ ಎದೆಯಿಂದ ಹೋಗಲಿ, ಆಗ ನನ್ನ ಮನಸ್ಸಿಗೆ ಕತ್ತಲು ಕವಿದಿತ್ತು ಅನ್ನುವ ಶ್ಲೋಕ ಹೇಳಿ ಬೀಳುತ್ತಾನೆ. ಅವಳು ಏಳಿ ಅನ್ನುತ್ತಾಳೆ, ಇದು ನನ್ನ ಹಿಂದಿನ ಕರ್ಮ ಅಂತಲೂ ಅನ್ನುತ್ತಾಳೆ. ಅದನ್ನೂ ಮುಚ್ಚಿಡಬೇಡಿ. ಆಮೇಲೆ ಅವನು ಉಂಗುರವನ್ನ ಅವಳ ಬೆರಳಿಗೆ ತೊಡಿಸಲು ಬಂದಾಗ ಅವಳು, ಇದನ್ನ ನಾನು ನಂಬೋದಿಲ್ಲ, ನೀವೇ ಹಾಕಿಕೊಳ್ಳಿ ಅನ್ನುತ್ತಾಳೆ. ಇದು ಕಾಳಿದಾಸನ ಮಾತು. ಇವತ್ತಿನವರು ಯಾರೂ ಸೇರಿಸಿದ್ದಲ್ಲ. ಈ ಸಾಲನ್ನ ನಾನು ರಂಗದ ಮೇಲೆ ಒಮ್ಮೆಯೂ ಕೇಳಿಲ್ಲ.

ಆ ಅಂಕದಲ್ಲಿ ಅವಳ ವೇಷವೂ ಹೇಗಿರಬೇಕು ಅಂತ ಕವಿಯೇ ಹೇಳಿದ್ದಾನೆ. ಧೂಳು ಹಿಡಿದ ಬಟ್ಟೆ, ಒಂದೇ ಜಡೆ, ವ್ರತದಿಂದ ಬತ್ತಿದ ಮುಖ. ನಮ್ಮವರು ಜರಿ ಸೀರೆ ಉಡಿಸಿ ತರುತ್ತಾರೆ.

ಐದನೇ ಅಂಕದಲ್ಲಿ ನಿಮ್ಮ ಗೌತಮಿಗೂ ಒಂದು ಮಾತಿದೆ, ಅದನ್ನ ಬಿಡಬೇಡಿ. ಶಕುಂತಲೆ ಹಿಂದೆ ಬರುವುದನ್ನ ಮೊದಲು ನೋಡುವವಳು ಅವಳೇ. ಗಂಡ ಇಷ್ಟು ಕಠಿಣವಾಗಿ ತಳ್ಳಿದ ಮೇಲೆ ನನ್ನ ಮಗಳಾದರೂ ಏನು ಮಾಡಬೇಕು ಅಂತ ಶಾರ್ಙ್ಗರವನನ್ನ ಕೇಳುತ್ತಾಳೆ. ಅವನ ಗದರಿಕೆ ಬರುವುದು ಈ ಮಾತಿನ ಮೇಲೆ. ಗೌತಮಿಯ ಮಾತು ತೆಗೆದರೆ ಶಾರ್ಙ್ಗರವ ಹೇಳಿದ್ದೇ ಧರ್ಮ ಅಂತ ಕೇಳಿಸುತ್ತದೆ. ಇಟ್ಟರೆ ಅಲ್ಲಿ ಎರಡು ದನಿ ಇವೆ.

ಹೀಗೆ ತಮಗೆ ಬೇಕಾದಂತೆ ಓದಿಕೊಂಡವರು ನಮ್ಮವರಷ್ಟೇ ಅಲ್ಲ. 1789ರಲ್ಲಿ ಕೋಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಇದನ್ನ ಇಂಗ್ಲಿಷಿಗೆ ತಂದಾಗ ಶೃಂಗಾರದ ಮಾತುಗಳನ್ನ ತಮ್ಮ ಜನಕ್ಕೆ ಮುಜುಗರ ಆಗದಂತೆ ಮೆತ್ತಗೆ ಮಾಡಿದರು. ಎರಡೇ ವರ್ಷಕ್ಕೆ ಅದು ಜರ್ಮನ್ ಭಾಷೆಗೆ ಹೋಯಿತು, ಜರ್ಮನ್ ಕವಿ ಗಯಟೆ ಓದಿ ಹೊಗಳಿ ಪದ್ಯ ಬರೆದ. ಅವರಿಗೆಲ್ಲ ಕಂಡಿದ್ದು ಕಾಡಿನ ಮುಗ್ಧ ಹುಡುಗಿ. ರವಿವರ್ಮನ ಚಿತ್ರದಲ್ಲೂ ಅವಳು ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ತಿರುಗಿ ನೋಡುತ್ತಿದ್ದಾಳೆ. ಆ ಚಿತ್ರ ಮನೆಮನೆಯ ಗೋಡೆ ಸೇರಿದ ಮೇಲೆ ದರ್ಬಾರಿನಲ್ಲಿ ನಿಂತು ರಾಜನನ್ನ "ಅನಾರ್ಯ" (ನೀಚ) ಅಂದ ಶಕುಂತಲೆ ಹಿಂದೆ ಸರಿದಳು ಅನ್ನೋದು ನನ್ನ ಅನಿಸಿಕೆ.

ವಕೀಲೆ, ವಿಜಯಪುರ

ಟೀಚರ್ ಅಕ್ಕಾರ, ಸಾಲು ತೆಗೆಯಬೇಡಿ. ನಾನು ಕೌಟುಂಬಿಕ ನ್ಯಾಯಾಲಯದಲ್ಲಿ ಕೆಲಸ ಮಾಡುವವಳು. ಐದನೇ ಅಂಕ ನನಗೆ ಹಳೇ ಕಥೆ ಅನ್ನಿಸುವುದೇ ಇಲ್ಲ.

ಗಾಂಧರ್ವ ವಿವಾಹ. ಪುರೋಹಿತ ಇಲ್ಲ, ಸಾಕ್ಷಿ ಇಲ್ಲ, ಫೋಟೋ ಇಲ್ಲ. ಇದ್ದ ಒಂದು ಗುರುತು, ಅವನು ಕೊಟ್ಟ ಉಂಗುರ, ನೀರಲ್ಲಿ ಹೋಯಿತು. ಎದುರಿಗಿರುವವನೇ ರಾಜ, ಅವನೇ ನ್ಯಾಯಾಧೀಶ. ಅವಳು ಜಿಂಕೆಮರಿಯ ಕಥೆ ಹೇಳುತ್ತಾಳೆ. ಅವನ ಕೈಯಿಂದ ನೀರು ಕುಡಿಯದ ಮರಿ ತನ್ನ ಕೈಯಿಂದ ಕುಡಿಯಿತು, ಆಗ ನೀನು ನಕ್ಕಿದ್ದೆ ಅಂತ ನೆನಪಿಸುತ್ತಾಳೆ. ಅವನು, ಹೆಂಗಸರಿಗೆ ಈ ಜಾಣತನ ಯಾರೂ ಕಲಿಸಬೇಕಾಗಿಲ್ಲ ಅನ್ನುತ್ತಾನೆ. ಜೀವನಾಂಶದ ಅರ್ಜಿ ಹಾಕಿದ ಹೆಣ್ಣುಮಕ್ಕಳಿಗೆ ಇದೇ ಮಾತನ್ನ ಬೇರೆ ಬೇರೆ ಬಾಯಲ್ಲಿ ಹೇಳಿದ್ದನ್ನ ನಾನು ಕೇಳುತ್ತಲೇ ಇದ್ದೇನೆ. ಜೀವನಾಂಶದ ಹಳೇ 125ನೇ ಕಲಂ ಹೋಗಿ 2024ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ. ಕಲಂ ಬದಲಾಯಿತು, ಮದುವೆ ಆಗಿದ್ದಕ್ಕೆ ಏನಿದೆ ತೋರಿಸು ಅನ್ನೋ ಪ್ರಶ್ನೆ ಹಾಗೇ ಇದೆ.

ಮಹಾಭಾರತದ ಶಕುಂತಲೆಯನ್ನೂ ನಿಮ್ಮ ಹುಡುಗಿಗೆ ಓದಿಸಿ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ನನ್ನ ಮಗನೇ ಮುಂದೆ ರಾಜ ಆಗಬೇಕು ಅಂತ ಮಾತು ತೆಗೆದುಕೊಂಡೇ ಮದುವೆಗೆ ಒಪ್ಪಿದವಳು ಅವಳು. ಮಗನ ಕೈ ಹಿಡಿದು ದರ್ಬಾರಿಗೆ ಬರುತ್ತಾಳೆ. ಬೇರೆಯವರ ತಪ್ಪು ಸಾಸಿವೆಯಷ್ಟಿದ್ದರೂ ಕಾಣುತ್ತೀಯ, ನಿನ್ನದು ಬಿಲ್ವದ ಕಾಯಿಯಷ್ಟಿದ್ದರೂ ಕಾಣುವುದಿಲ್ಲ ಅನ್ನುತ್ತಾಳೆ. ದುಷ್ಯಂತನಿಗೆ ಎಲ್ಲ ನೆನಪಿದೆ. ಅಶರೀರವಾಣಿ ಆದ ಮೇಲೆ, ನನಗೆ ಗೊತ್ತಿತ್ತು, ಜನ ಸಂಶಯ ಪಡಬಾರದು ಅಂತ ಹೀಗೆ ಮಾಡಿದೆ ಅನ್ನುತ್ತಾನೆ. ಕಾಳಿದಾಸ ಶಾಪ ತಂದು ರಾಜನನ್ನ ಒಳ್ಳೆಯವನನ್ನಾಗಿ ಉಳಿಸಿಕೊಂಡ. ಅಂದರೆ ಈ ಕಥೆಯನ್ನ ತನ್ನ ಕಾಲಕ್ಕೆ ತಕ್ಕಂತೆ ಬದಲಿಸಿದವರಲ್ಲಿ ಅವನೂ ಒಬ್ಬ.

ಅಥಣಿ ಮಾಸ್ತರರಿಗೆ ಒಂದು ಮಾತು. ಎಲ್ಲವೂ ಇರಬೇಕು ಅನ್ನುತ್ತೀರಿ. ಆದರೆ ಯಾವ ಮಾತಿನ ಮೇಲೆ ದೀಪ ಬೀಳಬೇಕು, ಯಾವುದನ್ನ ಬೇಗ ದಾಟಬೇಕು ಅಂತ ಆಡುವವರು ತೀರ್ಮಾನಿಸಲೇಬೇಕಲ್ವಾ ಸರ್?

ಗೋಕಾಕದ ಪ್ರೇಕ್ಷಕ

ನನ್ನದು ಒಂದೇ ಮಾತು. ಏಳೂ ಅಂಕ ಪೂರ್ತಿ ಆಡಿದರೆ ಈಗ ಯಾರೂ ಕೂಡೋದಿಲ್ಲ. ಮೊದಲೆಲ್ಲ ಬೆಳತನಕ ಕೂಡುತ್ತಿದ್ದೆವು. ಈಗ ಹೆಚ್ಚೆಂದರೆ ಎರಡು ತಾಸು. ಎರಡನೇ ಅಂಕದ ವಿದೂಷಕನನ್ನ ಬಿಟ್ಟು ಆ ಹೊತ್ತನ್ನ ಐದನೇ ಅಂಕಕ್ಕೆ ಕೊಡಿ.

ಹಿನ್ನೀರು, ಬಾಗಲಕೋಟೆ

ಎಲ್ಲರೂ ಶಕುಂತಲೆ ಬಗ್ಗೆ ಮಾತಾಡಿದ್ದೀರಿ. ನಾನು ಮೀನುಗಾರನ ಬಗ್ಗೆ ಹೇಳುತ್ತೇನೆ. ನಮ್ಮ ಮನೆಯವರು ಆಲಮಟ್ಟಿ ಹಿನ್ನೀರಿನಲ್ಲಿ ಬಲೆ ಹಾಕುವವರು.

ಆರನೇ ಅಂಕದ ಶುರುವಿಗೆ ಒಬ್ಬ ಮೀನುಗಾರನ ಕೈ ಕಟ್ಟಿ ಇಬ್ಬರು ಕಾವಲಿನವರು ಎಳೆದು ತರುತ್ತಾರೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿತು, ಮಾರಲು ತೋರಿಸಿದೆ ಅಂತ ಅವನು ಹೇಳುತ್ತಾನೆ. ಅವರು ಕಳ್ಳ ಅನ್ನುತ್ತಾರೆ. ಅವನ ಕಸುಬನ್ನ ಹೀಯಾಳಿಸುತ್ತಾರೆ. ಅವರ ಮೇಲಿನ ಅಧಿಕಾರಿ ರಾಜನ ಭಾವಮೈದ. ಇವನ ಮೈ ಹಸಿ ಮಾಂಸ ನಾರುತ್ತದೆ ಅಂತ ಅವನೂ ಅನ್ನುತ್ತಾನೆ. ಈ ದೃಶ್ಯ ನಾನು ನೋಡಿದಾಗೆಲ್ಲ ನಗಿಸುವುದಕ್ಕೇ ಇತ್ತು. ಮೂಗು ಹಿಡಿದುಕೊಂಡು ಓಡಾಡೋದು, ಹಿಂದೆ ಒದೆಯೋದು, ಪೇಟಿಯವರು ತಮಾಷೆ ಸ್ವರ ಕೊಡೋದು. ನಮ್ಮ ಅಪ್ಪನ ಪಕ್ಕ ಕೂತು ನೋಡಿದಾಗ ಅಪ್ಪ ನಗಲಿಲ್ಲ. ಸುತ್ತಲಿನವರು ನಗುತ್ತಿದ್ದರು.

ಆದರೆ ಮೀನುಗಾರ ಅಲ್ಲಿ ಸುಮ್ಮನಿರೋದಿಲ್ಲ. ಹುಟ್ಟಿನಿಂದ ಬಂದ ಕೆಲಸವನ್ನ ಜನ ಬಯ್ದರು ಅಂತ ಬಿಡಬಾರದು ಅಂತ ಎದುರು ಮಾತಾಡುತ್ತಾನೆ. ಈ ಮಾತು ನನಗೆ ಅಷ್ಟು ಸಲೀಸಾಗಿ ಒಪ್ಪಿಗೆ ಇಲ್ಲ. ಕಸುಬು ಬಿಡಬೇಕಾ ಬೇಡವಾ ಅನ್ನೋದು ನಮಗೆ ಬಿಟ್ಟಿದ್ದು, ಹುಟ್ಟಿಗೆ ಬಿಟ್ಟಿದ್ದಲ್ಲ. ಹಳೇ ಬಾಗಲಕೋಟೆಯ ಒಂದು ಭಾಗ ನೀರಿಗೆ ಹೋದ ಮೇಲೆ ಕಸುಬು ಬದಲಿಸಿದವರು, ಹೊಸದಾಗಿ ಬಲೆ ಹಿಡಿದವರು ಇಬ್ಬರೂ ನಮ್ಮಲ್ಲಿದ್ದಾರೆ. ಆದರೂ ಕೈ ಕಟ್ಟಿಸಿಕೊಂಡು ನಿಂತವನು ಅಷ್ಟು ಮಾತಾಡಿದ್ದು ದೊಡ್ಡದು.

ಕೊನೆಗೆ ರಾಜ ಉಂಗುರದ ಬೆಲೆ ಕೊಡುತ್ತಾನೆ. ಮೀನುಗಾರ ಅದರಲ್ಲಿ ಅರ್ಧ ಹಣವನ್ನ ಅದೇ ಕಾವಲಿನವರಿಗೆ ಕೊಡಬೇಕಾಗುತ್ತದೆ. ತಕ್ಷಣ ಭಾವಮೈದ, ನೀನು ನನ್ನ ಗೆಳೆಯ ಅನ್ನುತ್ತಾನೆ, ಎಲ್ಲರೂ ಹೆಂಡದಂಗಡಿಗೆ ಹೋಗುತ್ತಾರೆ. ಇದರಲ್ಲಿ ನಗೋದೇನಿದೆ? ಇಡೀ ನಾಟಕದಲ್ಲಿ ಶಕುಂತಲೆ ಹೇಳಿದ್ದು ನಿಜ ಅಂತ ತೋರಿಸಿದ್ದು ಇವನೇ. ಅವಳ ಮಾತನ್ನೂ ಯಾರೂ ನಂಬಲಿಲ್ಲ, ಇವನ ಮಾತನ್ನೂ ನಂಬಲಿಲ್ಲ. ಅಕ್ಕಾರ, ನೀವು ಹೆಣ್ಣುಮಕ್ಕಳೇ ಆಡುತ್ತಿದ್ದೀರಿ. ನೀವಾದರೂ ಮೂಗು ಮುಚ್ಚಿಕೊಳ್ಳೋ ಆಟ ಬಿಡಿ.

ಹೊಂಗಲ ಟೀಚರ್, ಬೈಲಹೊಂಗಲ

ಎಲ್ಲರಿಗೂ ಶರಣು. ನಿಮ್ಮ ಉತ್ತರಗಳನ್ನ ತಾಲೀಮಿನಲ್ಲಿ ಜೋರಾಗಿ ಓದಿದೆ. ಕೆಲವು ಪ್ರಯತ್ನ ಮಾಡಿದೆವು, ಹೇಳುತ್ತೇನೆ.

ಯಾವ ಸಾಲನ್ನೂ ತೆಗೆಯುತ್ತಿಲ್ಲ. ಕಣ್ವನ ಮಾತನ್ನ ಹಾಡುವುದಿಲ್ಲ, ಪೇಟಿ ಇಲ್ಲದೆ ಬರೇ ಮಾತಿನಲ್ಲಿ ಹೇಳುತ್ತೇನೆ. ಹಾಗೆ ಹೇಳಿ ನೋಡಿದಾಗ ಸವತಿಯರ ಮಾತಿನ ಹತ್ತಿರ ನನ್ನ ನಾಲಿಗೆ ನಿಂತಿತು. ನಿಲ್ಲಲಿ ಅಂತ ಹಾಗೇ ಬಿಟ್ಟಿದ್ದೇನೆ. ಮಗಳನ್ನ ನಿಜವಾಗಿ ಪ್ರೀತಿಸುವ ತಂದೆ ಕೂಡ ತನ್ನ ಕಾಲ ಕೊಟ್ಟ ಮಾತನ್ನೇ ಹೇಳುತ್ತಾನೆ. ಅವನನ್ನ ಕೆಟ್ಟವನನ್ನಾಗಿ ಮಾಡಿದರೆ ನಾಟಕ ಸಣ್ಣದಾಗುತ್ತದೆ. ಕೇಳುವವರಿಗೆ ಅವನ ಪ್ರೀತಿಯೂ ಮುಟ್ಟಬೇಕು, ಆ ಮಾತೂ ಚುಚ್ಚಬೇಕು.

ಅಥಣಿ ಮಾಸ್ತರರೇ, ಗೌತಮಿಯ ಮಾತು ನಮ್ಮ ಪ್ರತಿಯಲ್ಲಿ ಬಿಟ್ಟುಹೋಗಿತ್ತು. ಈಗ ಸೇರಿಸಿದ್ದೇವೆ. ಅಜ್ಜಿ ಅದನ್ನ ಪುಸ್ತಕದ ಕನ್ನಡದಲ್ಲಿ ಹೇಳಲು ಒಪ್ಪಲಿಲ್ಲ. "ಗಂಡ ಹಿಂಗ ದಬ್ಬಿದ ಮ್ಯಾಲೆ ನನ್ನ ಮಗಳರೆ ಏನ ಮಾಡಬೇಕೊ?" ಅಂದರು. ಶಾರ್ಙ್ಗರವ ಮಾಡುವ ಹುಡುಗಿ ಉತ್ತರ ಕೊಡುವ ಮೊದಲು ತಲೆ ತಗ್ಗಿಸಿದಳು. ಅವಳಿಗೆ ಹಾಗೆ ಮಾಡು ಅಂತ ನಾನು ಹೇಳಿರಲಿಲ್ಲ.

ಅದರಿಂದಲೇ ಒಂದು ದೊಡ್ಡ ನಿರ್ಧಾರ ಆಯಿತು. ಮೂಲದಲ್ಲಿ ರಾಜ, ಋಷಿಗಳು ಸಂಸ್ಕೃತ ಆಡುತ್ತಾರೆ. ಶಕುಂತಲೆ, ಗೆಳತಿಯರು, ಗೌತಮಿ, ಮೀನುಗಾರ ಎಲ್ಲರದ್ದೂ ಪ್ರಾಕೃತ, ಅಂದರೆ ಆಡುಮಾತು. ನಮ್ಮ ಕಂಪನಿ ನಾಟಕಗಳಲ್ಲಿ ಆಳುಗಳು, ನಗಿಸುವವರು ಮಾತ್ರ ಜವಾರಿ ಮಾತು ಆಡುತ್ತಿದ್ದರು, ನಾಯಕಿ ಪುಸ್ತಕದ ಮಾತು ಆಡುತ್ತಿದ್ದಳು. ನಾವು ಶಕುಂತಲೆಗೆ ಬೈಲಹೊಂಗಲದ ಮಾತನ್ನೇ ಕೊಡುತ್ತಿದ್ದೇವೆ. ದರ್ಬಾರಿನಲ್ಲಿ ದುಷ್ಯಂತ ಗ್ರಂಥದ ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಹಾಕುತ್ತಾನೆ, ಅವಳು ಮನೆ ಮಾತಿನಲ್ಲಿ ಉತ್ತರ ಕೊಡುತ್ತಾಳೆ. ಕಚೇರಿಗೆ ಹೋಗಿ ಅರ್ಜಿ ಹಿಡಿದು ನಿಂತವರಿಗೆಲ್ಲ ಆ ಅಂತರ ಗೊತ್ತಿದೆ. "ಹುಲ್ಲ ಮುಚ್ಚಿದ ಬಾಂವಿ ಅದೀ ನೀ" ಅಂತ ನಮ್ಮ ಹುಡುಗಿ ಅಂದಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾಲೆಯ ಅಡುಗೆಯವರು "ಹೌದs ಹೌದು" ಅಂದರು.

ವಕೀಲೆ ಅಕ್ಕಾರ, ಮಹಾಭಾರತದ ಸಾಸಿವೆಯ ಮಾತನ್ನ ಸೇರಿಸಬೇಕು ಅಂತ ಹುಡುಗಿಗೆ ಆಸೆ. ನಾನು ಬೇಡ ಅಂದೆ. ಕಾಳಿದಾಸನ ನಾಟಕ ಅಂತ ಕರೆದು ಬೇರೆ ಶಕುಂತಲೆಯನ್ನ ಒಳಗೆ ತಂದರೆ ಅದು ಸರಿಹೋಗುವುದಿಲ್ಲ. ಅವಳು ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ, ನಿಲ್ಲುವ ರೀತಿಯಲ್ಲೇ ಅದು ಕಾಣುತ್ತಿದೆ.

ಏಳನೇ ಅಂಕಕ್ಕೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ತೆಗೆದಿಟ್ಟಿದ್ದೆವು. ಈಗ ಅವು ಮೊದಲ ಅಂಕಗಳಲ್ಲಿ ಗೆಳತಿಯರಿಗೆ ಹೋದವು. ಶಕುಂತಲೆಗೆ ಒಗೆದು ಒಗೆದು ಬಣ್ಣ ಹೋದ ಕೈಮಗ್ಗದ ಸೀರೆ. ದುಷ್ಯಂತ ಪೂರ್ತಿ ಕಾಲಿಗೆ ಬೀಳುತ್ತಾನೆ. ಉಂಗುರ ಬೇಡ ಅನ್ನೋ ಮಾತನ್ನ ಅವಳು ಸಿಟ್ಟಿನಿಂದ ಹೇಳುವುದಾ, ನಗುತ್ತಾ ಹೇಳುವುದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ನನಗೆ ನಗುತ್ತಾ ಹೇಳಿದ್ದೇ ಹೆಚ್ಚು ತಾಗಿತು. ಆಮೇಲೆ ಅವಳು ಅವನ ಜೊತೆ ಹೋಗುತ್ತಾಳೆ, ಅದನ್ನ ಬದಲಿಸುವುದಿಲ್ಲ. ಆದರೆ ಉಂಗುರ ಅವನ ಬೆರಳಲ್ಲೇ ಇರುತ್ತದೆ, ಕೊನೆಯವರೆಗೂ ಜನಕ್ಕೆ ಕಾಣುವ ಹಾಗೆ.

ಬಾಗಲಕೋಟೆ ತಮ್ಮಾ, ಮೂಗು ಮುಚ್ಚುವ ಆಟ ಇರುವುದಿಲ್ಲ. ಕಾವಲಿನವರು ಬಯ್ಯುವ ಮಾತು ಇರುತ್ತದೆ, ಅದಕ್ಕೆ ನಗುವ ಸ್ವರ ಇರುವುದಿಲ್ಲ. ಮೀನುಗಾರ ಆಗುವವರು ತರಕಾರಿ ಮಾರುವ ಅಕ್ಕ, ಅವರಿಗೆ ಬಲೆ ಹೆಗಲ ಮೇಲೆ ಹೇಗೆ ಹಾಕಿಕೊಳ್ಳಬೇಕು ಗೊತ್ತಿಲ್ಲ. ಹಳೇ ಬಲೆ ಇದ್ದರೆ ಕಳಿಸಿಕೊಡು, ಬಸ್ಸಿನಲ್ಲಿ ಹಾಕಿದರೆ ನಾವು ಇಳಿಸಿಕೊಳ್ಳುತ್ತೇವೆ. ಒಮ್ಮೆ ಬಂದು ತೋರಿಸಿದರೆ ಇನ್ನೂ ಒಳ್ಳೇದು.

ಕಾಲುಪೇಟಿ ಮಾಸ್ತರರೇ, ನಿಮ್ಮನ್ನ ಕೇಳುವುದು ಒಂದೇ. ಕಣ್ವನ ಬುದ್ಧಿಮಾತಿಗಿಂತ ಮೊದಲು, ಶಕುಂತಲೆಯ ಸೆರಗನ್ನ ಜಿಂಕೆಮರಿ ಹಿಡಿದೆಳೆಯುವ ಕಡೆ, ಪೇಟಿ ಬೇಕೇ ಬೇಕು. ಅಲ್ಲಿ ಜನ ಅಳಲಿ. ನೀವು ಬಂದು ನುಡಿಸುತ್ತೀರಾ? ಹೋಗಿ ಬರುವ ಖರ್ಚು, ಊಟ ನಮ್ಮದು. ತಾಲೀಮು ಸೋಮವಾರ ಬಿಟ್ಟು ದಿನಾ ಸಂಜೆ ಆರಕ್ಕೆ.